ದೊಡ್ಡ ಕಂಪನಿಯ ಹಣವೋ, ವಿಸಿ ಹಣವೋ, ಬರೀ ಆರ್ಡರೋ? ಸ್ಟಾರ್ಟಪ್ ಫೌಂಡರ್‌ಗಳಿಗೆ ಒಂದು ಹೋಲಿಕೆ

ನಿಮ್ಮ ಮೇಜಿನ ಮೇಲೆ ಎರಡು ಟರ್ಮ್ ಶೀಟ್ (ಹೂಡಿಕೆಯ ಷರತ್ತುಗಳ ಪತ್ರ) ಇವೆ ಅಂತಿಟ್ಟುಕೊಳ್ಳಿ. ಒಂದು ವೆಂಚರ್ ಕ್ಯಾಪಿಟಲ್ (ವಿಸಿ) ಫಂಡ್‌ನದು, ಅಂದರೆ ಸ್ಟಾರ್ಟಪ್‌ಗಳಲ್ಲಿ ಹಣ ಹೂಡುವುದೇ ಕಸುಬಾಗಿರುವವರದು. ಇನ್ನೊಂದು ನಿಮ್ಮದೇ ಕ್ಷೇತ್ರದ ದೊಡ್ಡ ಕಂಪನಿಯದು. ಮೊತ್ತ ಹೆಚ್ಚುಕಮ್ಮಿ ಒಂದೇ. ಕಂಪನಿಯವರು ವ್ಯಾಲ್ಯುಯೇಷನ್ (ನಿಮ್ಮ ಕಂಪನಿಗೆ ಕಟ್ಟುವ ಬೆಲೆ) ಸ್ವಲ್ಪ ಜಾಸ್ತಿ ಹಾಕಿದ್ದಾರೆ. 'ನಮ್ಮ ಗಿರಾಕಿಗಳನ್ನೂ ಪರಿಚಯ ಮಾಡಿಸುತ್ತೇವೆ' ಅಂತ ಬಾಯಿಮಾತಿನಲ್ಲಿ ಹೇಳಿಯೂ ಇದ್ದಾರೆ. ಯಾವುದಕ್ಕೆ ಸಹಿ ಹಾಕುತ್ತೀರಿ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಕಂಪನಿಯಿಂದ ನಿಮಗೆ ಬೇಕಾಗಿರುವುದು ಬರೀ ಒಪ್ಪಂದದಿಂದ ಸಿಗುವಂತಿದ್ದರೆ ಷೇರು ಕೊಡಬೇಡಿ. ಆರ್ಡರ್ ಕೇಳಿ. ಷೇರು ಕೊಡಲೇಬೇಕು ಅನ್ನುವ ಕಾರಣ ನಿಜಕ್ಕೂ ಇದ್ದರೆ, ಆ ಕಂಪನಿ ನಾಳೆ ನಿಮ್ಮದೇ ಮಾರುಕಟ್ಟೆಗೆ ಇಳಿದರೂ ನೀವು ಬದುಕುವ ಹಾಗೆ ಕಾಗದ ಮಾಡಿಸಿಕೊಳ್ಳಿ. ಇಳಿಯುವುದಿಲ್ಲ ಅಂತ ಅವರು ಹೇಳಬಹುದು. ಹೇಳುವವರು ಆ ಹೊತ್ತಿಗೆ ಸತ್ಯವನ್ನೇ ಹೇಳುತ್ತಿರಲೂಬಹುದು. ಆದರೆ ಆ ನಿರ್ಧಾರ ಅವರ ಕೈಯಲ್ಲಿ ಇರುವುದಿಲ್ಲ.

ಹಣ ಯಾರ ಜೇಬಿನಿಂದ ಬರುತ್ತಿದೆ?

ವಿಸಿ ಫಂಡ್‌ನಲ್ಲಿರುವ ದುಡ್ಡು ಬಹುಪಾಲು ಬೇರೆಯವರದು. ಪಿಂಚಣಿ ನಿಧಿಗಳು, ವಿಮಾ ಕಂಪನಿಗಳು, ಸಿರಿವಂತ ಮನೆತನಗಳು ಕೊಟ್ಟಿರುತ್ತವೆ. ಸಾಮಾನ್ಯವಾಗಿ 10 ವರ್ಷದ ಆಸುಪಾಸಿನಲ್ಲಿ ಅದನ್ನು ಲಾಭದ ಸಮೇತ ವಾಪಸ್ ಕೊಡಬೇಕು. ಹಾಗಾಗಿ ಅವರಿಗೆ ಬೇಕಾಗಿರುವುದು ಒಂದೇ: ನೀವು ಬೇಗ ಬೆಳೆಯಬೇಕು, ಷೇರು ಒಳ್ಳೆಯ ಬೆಲೆಗೆ ಹೋಗಬೇಕು. ತಲೆ ತಿನ್ನುತ್ತಾರೆ, ಅವಸರ ಮಾಡುತ್ತಾರೆ. ಆದರೆ ಅವರ ಆಸೆ ಏನು ಅಂತ ನಿಮಗೆ ಮೊದಲ ದಿನದಿಂದಲೇ ಗೊತ್ತಿರುತ್ತದೆ.

ದೊಡ್ಡ ಕಂಪನಿಗೆ ಎರಡು ಆಸೆ. ಲಾಭವೂ ಬೇಕು, ತನ್ನ ಮುಖ್ಯ ವ್ಯಾಪಾರಕ್ಕೆ ಉಪಯೋಗವೂ ಆಗಬೇಕು. ಹೊಸ ತಂತ್ರಜ್ಞಾನದ ಮೇಲೆ ಕಣ್ಣಿಡುವುದು, ತನ್ನ ಚಿಪ್ ಅಥವಾ ಕ್ಲೌಡ್ ಸೇವೆ ಮಾರಾಟವಾಗುವಂತೆ ನೋಡಿಕೊಳ್ಳುವುದು, ಮುಂದೆ ಕೊಂಡುಕೊಳ್ಳಬಹುದಾದ ಸ್ಟಾರ್ಟಪ್ಪನ್ನು ಹತ್ತಿರ ಇಟ್ಟುಕೊಳ್ಳುವುದು. ಇದರಲ್ಲಿ ತಪ್ಪೇನಿಲ್ಲ. ಆದರೆ ಈ ಎರಡರಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಒಂದೇ ಕಂಪನಿಯಲ್ಲಿ ವರ್ಷದಿಂದ ವರ್ಷಕ್ಕೂ ಬದಲಾಗುತ್ತದೆ.

ಕಾರ್ಪೊರೇಟ್ ಹಣದಲ್ಲೂ ಎರಡು ಜಾತಿ. ಮೊದಲನೆಯದು, ಹೂಡಿಕೆಗೆ ಅಂತಲೇ ಬೇರೆ ತಂಡ, ಬೇರೆ ಹೆಸರು ಇರುವಂಥದ್ದು. ಇಂಟೆಲ್ ಕ್ಯಾಪಿಟಲ್ 1991ರಿಂದ ಇದೆ. ಕ್ವಾಲ್‌ಕಾಮ್ ವೆಂಚರ್ಸ್ 2000ದಲ್ಲಿ ಬಂತು. ಗೂಗಲ್‌ನ ಜಿವಿ ಮತ್ತು ಸೇಲ್ಸ್‌ಫೋರ್ಸ್ ವೆಂಚರ್ಸ್ ಎರಡೂ 2009ರವು. ಮೈಕ್ರೋಸಾಫ್ಟ್‌ನ ಎಂ12 ಶುರುವಾಗಿದ್ದು 2016ರಲ್ಲಿ. ನಮ್ಮೂರಿನ ವಿಪ್ರೋ ವೆಂಚರ್ಸ್ 2015ರದ್ದು. ಇವರ ಜೊತೆ ಮಾತಾಡುವುದು ವಿಸಿ ಜೊತೆ ಮಾತಾಡಿದ ಹಾಗೇ ಇರುತ್ತದೆ. ಅದೇ ಭಾಷೆ, ಅದೇ ಎಕ್ಸೆಲ್ ಹಾಳೆ.

ಎರಡನೆಯದು, ಕಂಪನಿ ತನ್ನ ಬೊಕ್ಕಸದಿಂದ ನೇರವಾಗಿ ಹಾಕುವ ಹಣ. ಹೀರೋ ಮೋಟೊಕಾರ್ಪ್ ಎಲೆಕ್ಟ್ರಿಕ್ ಸ್ಕೂಟರ್ ಮಾಡುವ ಏಥರ್‌ಗೆ ಹಾಕಿದ್ದು, ಬಜಾಜ್ ಆಟೋ ಎಲೆಕ್ಟ್ರಿಕ್ ಗಾಡಿ ಬಾಡಿಗೆಗೆ ಬಿಡುವ ಯುಲುಗೆ ಹಾಕಿದ್ದು, ರಿಲಯನ್ಸ್ ರಿಟೇಲ್ ಡೆಲಿವರಿ ಕಂಪನಿ ಡಂಜೋಗೆ ಹಾಕಿದ್ದು ಈ ಸಾಲಿನವು. ಇಲ್ಲಿ ನಿರ್ಧಾರ ಮಾಡುವುದು ಕಂಪನಿಯ ಆಡಳಿತ ಮಂಡಳಿ. ನಿಮ್ಮ ಜೊತೆ ಮಾತಾಡುವವರು ಸ್ಟ್ರಾಟಜಿ ವಿಭಾಗದವರು. ಹಣ ಜಾಸ್ತಿ ಬರಬಹುದು, ಪಾಲೂ ಜಾಸ್ತಿ ಹೋಗುತ್ತದೆ.

ಷೇರೇ ಕೇಳದ ಮೂರನೆಯ ದಾರಿಯೂ ಇದೆ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಫೌಂಡರ್‌ಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹೀರೋ ಮತ್ತು ಏಥರ್: ಪಾಲುದಾರನೇ ಪೈಪೋಟಿಗೆ ಇಳಿದಾಗ

ಕಾರ್ಪೊರೇಟ್ ಹಣದ ಒಳ್ಳೆಯದು, ಕೆಟ್ಟದ್ದು ಎರಡೂ ಒಂದೇ ಕಡೆ ಕಾಣಬೇಕಾದರೆ ಏಥರ್ ಕಥೆ ನೋಡಬೇಕು. ಐಐಟಿ ಮದ್ರಾಸಿನಲ್ಲಿ ಓದಿದ ತರುಣ್ ಮೆಹ್ತಾ, ಸ್ವಪ್ನಿಲ್ ಜೈನ್ 2013ರಲ್ಲಿ ಶುರು ಮಾಡಿದ ಕಂಪನಿ. ಮೊದಲು ಫ್ಲಿಪ್‌ಕಾರ್ಟ್ ಸ್ಥಾಪಕರು ದುಡ್ಡು ಹಾಕಿದರು. 2015ರಲ್ಲಿ ಅಮೆರಿಕದ ಹೂಡಿಕೆ ಸಂಸ್ಥೆ ಟೈಗರ್ ಗ್ಲೋಬಲ್ ಬಂತು. 2016ರಲ್ಲಿ ಹೀರೋ ಮೋಟೊಕಾರ್ಪ್ 205 ಕೋಟಿ ರೂಪಾಯಿ ಹಾಕಿತು. ಆಗ ಏಥರ್‌ನ ಒಂದು ಸ್ಕೂಟರ್ ಕೂಡ ರಸ್ತೆಗೆ ಇಳಿದಿರಲಿಲ್ಲ. ಏಥರ್ 450 ಬೆಂಗಳೂರಿನಲ್ಲಿ ಬಂದಿದ್ದು 2018ರಲ್ಲಿ.

ಬ್ಯಾಟರಿ, ಮೋಟಾರು, ಸಾಫ್ಟ್‌ವೇರ್, ಫ್ಯಾಕ್ಟರಿ, ಚಾರ್ಜಿಂಗ್ ಜಾಲ ಎಲ್ಲವನ್ನೂ ಸ್ವಂತವಾಗಿ ಕಟ್ಟುವ ಕಂಪನಿಗೆ ವರ್ಷಗಟ್ಟಲೆ ಕಾಯುವ ದುಡ್ಡು ಬೇಕು. ಆ್ಯಪ್ ಮಾಡುವ ಸ್ಟಾರ್ಟಪ್‌ಗಳ ವೇಗಕ್ಕೆ ಒಗ್ಗಿಹೋದ ವಿಸಿಗಳಿಗೆ ಇದು ಕಷ್ಟ. ಹೀರೋಗೆ ದ್ವಿಚಕ್ರ ವಾಹನದ ಫ್ಯಾಕ್ಟರಿ ಅಂದರೆ ಏನು, ಅದಕ್ಕೆ ಎಷ್ಟು ಕಾಲ ಹಿಡಿಯುತ್ತದೆ ಅಂತ ಗೊತ್ತಿತ್ತು. ರೌಂಡ್ ಮೇಲೆ ರೌಂಡ್ (ಸ್ಟಾರ್ಟಪ್ ಪ್ರತಿ ಸಲ ಹಣ ಎತ್ತುವುದಕ್ಕೆ ರೌಂಡ್ ಅನ್ನುತ್ತಾರೆ) ಹಣ ಹಾಕುತ್ತಾ ಹೋಯಿತು. ಅತಿ ದೊಡ್ಡ ಷೇರುದಾರನೂ ಆಯಿತು.

ಅಕ್ಟೋಬರ್ 2022ರಲ್ಲಿ ಅದೇ ಹೀರೋ ತನ್ನದೇ ಎಲೆಕ್ಟ್ರಿಕ್ ಸ್ಕೂಟರ್ ವಿಡಾ ವಿ1 ಬಿಟ್ಟಿತು. ಮೊದಲು ಇಳಿದ ಊರುಗಳಲ್ಲಿ ಏಥರ್‌ನ ತವರಾದ ಬೆಂಗಳೂರೂ ಒಂದು. ಅಂದರೆ ನಿಮ್ಮ ಕಂಪನಿಯಲ್ಲಿ ಅತಿ ಹೆಚ್ಚು ಪಾಲು ಇರುವವರು ನಿಮ್ಮ ಶೋರೂಮಿನ ಪಕ್ಕದಲ್ಲೇ ಅಂಗಡಿ ತೆರೆದ ಹಾಗೆ. ಇಲ್ಲಿಗೆ ಏಥರ್ ಕಥೆ ಕೆಟ್ಟಿತು ಅಂತ ಯಾರಾದರೂ ಅಂದುಕೊಳ್ಳಬೇಕು, ಅಲ್ವಾ? ಹಾಗಾಗಲಿಲ್ಲ. 2023ರಲ್ಲಿ ಹೀರೋ ಏಥರ್‌ಗೆ ಇನ್ನೂ 550 ಕೋಟಿ ಹಾಕಿತು. ವಿಡಾ ಏಥರ್‌ನ ಚಾರ್ಜಿಂಗ್ ಕನೆಕ್ಟರನ್ನೇ ಬಳಸಿತು. ಇಬ್ಬರ ಗ್ರಾಹಕರೂ ಇಬ್ಬರ ಚಾರ್ಜರುಗಳನ್ನು ಬಳಸುವಂತೆ ಒಪ್ಪಂದವಾಯಿತು. ಏಪ್ರಿಲ್ 2025ರಲ್ಲಿ ಏಥರ್ ಷೇರಿಗೆ 321 ರೂಪಾಯಿಯಂತೆ ಐಪಿಒ ಮಾಡಿದಾಗ (ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರಿದಾಗ) ಹೀರೋ ಬಳಿ ಸುಮಾರು 38% ಪಾಲಿತ್ತು. ಐಪಿಒದಲ್ಲಿ ಹೀರೋ ತನ್ನ ಷೇರು ಮಾರಲೂ ಇಲ್ಲ.

ಯಾಕೆ ಕೆಡಲಿಲ್ಲ? ನನಗೆ ಕಾಣುವ ಕಾರಣ ಎರಡು. ಒಂದು, ಏಥರ್ ಹೀರೋ ಮೇಲೆ ಹಣಕ್ಕೆ ಮಾತ್ರ ಅವಲಂಬಿಸಿತ್ತು, ಕೆಲಸಕ್ಕಲ್ಲ. ವಿನ್ಯಾಸ, ಫ್ಯಾಕ್ಟರಿ, ಬ್ರ್ಯಾಂಡು, ಮಾರಾಟದ ಜಾಲ ಎಲ್ಲವೂ ತನ್ನದೇ. ಎರಡು, ಹೀರೋ ಒಬ್ಬನೇ ಇರಲಿಲ್ಲ. ಟೈಗರ್ ಗ್ಲೋಬಲ್, ಸಿಂಗಪುರ ಸರ್ಕಾರದ ಹೂಡಿಕೆ ಸಂಸ್ಥೆ ಜಿಐಸಿಗೆ ಸೇರಿದ ಫಂಡ್, ಭಾರತ ಸರ್ಕಾರ ಶುರು ಮಾಡಿದ ಹೂಡಿಕೆ ನಿಧಿ ಎನ್‌ಐಐಎಫ್ ಎಲ್ಲವೂ ಬೋರ್ಡಿನ ಸುತ್ತ ಇದ್ದವು. ಒಬ್ಬ ಷೇರುದಾರನ ಹಿತ ಬೇರೆ ಕಡೆ ವಾಲಿದಾಗ ತಕ್ಕಡಿ ಸರಿಮಾಡಲು ಬರೀ ಲಾಭ ನೋಡುವ ಹೂಡಿಕೆದಾರರು ಬೇಕು. ಇದೊಂದನ್ನು ನೆನಪಿಟ್ಟುಕೊಳ್ಳಿ.

ಇದು ಒಂದೇ ದಿಕ್ಕಿನಲ್ಲಿ ಆಗುವ ಸಂಗತಿಯೂ ಅಲ್ಲ. ಬೆಂಗಳೂರಿನ ಅಲ್ಟ್ರಾವಯಲೆಟ್‌ಗೆ 2018ರಿಂದಲೂ ಟಿವಿಎಸ್ ಮೋಟಾರ್‌ನ ಹಣವಿದೆ. ಟಿವಿಎಸ್ ಐಕ್ಯೂಬ್ ಸ್ಕೂಟರ್ ಮಾರುತ್ತದೆ, ಅಲ್ಟ್ರಾವಯಲೆಟ್ ಎಫ್77 ಎಂಬ ವೇಗದ ಬೈಕು ಮಾಡುತ್ತದೆ. ಮಧ್ಯೆ ಒಂದು ಗೆರೆ ಇತ್ತು. ಮಾರ್ಚ್ 2025ರಲ್ಲಿ ಅಲ್ಟ್ರಾವಯಲೆಟ್ಟೇ ಟೆಸರಾಕ್ಟ್ ಎಂಬ ಸ್ಕೂಟರ್ ತೋರಿಸಿತು. ಬೆಳೆಯುವ ಸ್ಟಾರ್ಟಪ್ ಒಂದಲ್ಲ ಒಂದು ದಿನ ತನ್ನ ಹೂಡಿಕೆದಾರನ ಅಂಗಳಕ್ಕೆ ಕಾಲಿಡುತ್ತದೆ.

25% ಅನ್ನುವ ಗೆರೆ

ಡಂಜೋ ಕಥೆ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಶುರುವಾದ ಸೇವೆ. 2017ರ ಕೊನೆಯಲ್ಲಿ ಗೂಗಲ್ ಹಣ ಹಾಕಿತು. ಭಾರತದ ಸ್ಟಾರ್ಟಪ್ ಒಂದರಲ್ಲಿ ಗೂಗಲ್‌ನ ಮೊದಲ ನೇರ ಹೂಡಿಕೆ ಅದು. ಜನವರಿ 2022ರಲ್ಲಿ ರಿಲಯನ್ಸ್ ರಿಟೇಲ್ 20 ಕೋಟಿ ಡಾಲರ್ ಕೊಟ್ಟು 25.8% ಪಾಲು ತೆಗೆದುಕೊಂಡಿತು. ರಿಲಯನ್ಸ್‌ನ ಆನ್‌ಲೈನ್ ಅಂಗಡಿ ಜಿಯೋಮಾರ್ಟ್‌ನ ಡೆಲಿವರಿಯನ್ನೂ ಡಂಜೋ ಮಾಡಬೇಕು ಅನ್ನುವುದು ಯೋಜನೆಯ ಭಾಗ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡಿ: ಹಣ, ಗಿರಾಕಿ, ಹೆಸರು ಮೂರೂ ಒಟ್ಟಿಗೆ. ಆದರೆ ಹತ್ತು ನಿಮಿಷದ ಡೆಲಿವರಿಯ ಆಟ ವಿಪರೀತ ದುಡ್ಡು ತಿನ್ನುವಂಥದ್ದು. 2023ರಲ್ಲಿ ಸಂಬಳ ತಡವಾಗತೊಡಗಿತು. 2025ರ ಜನವರಿಯಲ್ಲಿ ಆ್ಯಪ್ ನಿಂತೇಹೋಯಿತು.

ಡಂಜೋ ಮುಳುಗಲು ಹೂಡಿಕೆದಾರರೇ ಕಾರಣ ಅಂತ ನಾನು ಹೇಳುತ್ತಿಲ್ಲ. ವ್ಯಾಪಾರವೇ ಕಷ್ಟದ್ದಾಗಿತ್ತು, ಬ್ಲಿಂಕಿಟ್, ಇನ್‌ಸ್ಟಾಮಾರ್ಟ್, ಝೆಪ್ಟೋ ಎದುರಿಗಿದ್ದವು. ನನಗೆ ಇಲ್ಲಿ ಮುಖ್ಯ ಅನಿಸುವುದು ಆ 25.8% ಅನ್ನುವ ಅಂಕಿ.

2013ರ ಕಂಪನಿ ಕಾಯ್ದೆಯಲ್ಲಿ ವಿಶೇಷ ನಿರ್ಣಯ ಅಂತ ಒಂದಿದೆ. ಅದು ಪಾಸಾಗಬೇಕಾದರೆ ಪರವಾದ ಮತಗಳು ವಿರೋಧದ ಮತಗಳ ಕನಿಷ್ಠ ಮೂರು ಪಟ್ಟು ಇರಬೇಕು. ಅಂದರೆ ಕಾಲು ಭಾಗಕ್ಕಿಂತ ಜಾಸ್ತಿ ಪಾಲಿರುವ ಒಬ್ಬರೇ 'ಬೇಡ' ಅಂದರೆ ಕೆಲಸ ಕೆಟ್ಟಿತು. ಮತ್ತು ಹೊಸ ಹೂಡಿಕೆದಾರರಿಗೆ ಷೇರು ಕೊಡುವುದಕ್ಕೇ ವಿಶೇಷ ನಿರ್ಣಯ ಬೇಕು. ಟರ್ಮ್ ಶೀಟಿನಲ್ಲಿ ವೀಟೋ ಅನ್ನುವ ಪದವೇ ಇಲ್ಲದಿದ್ದರೂ, 25% ದಾಟಿದ ಷೇರುದಾರನಿಗೆ ನಿಮ್ಮ ಮುಂದಿನ ರೌಂಡನ್ನು ನಿಲ್ಲಿಸುವ ಶಕ್ತಿ ಕಾನೂನಿನಿಂದಲೇ ಬರುತ್ತದೆ. ವಿಸಿ ಬಳಿ ಇಷ್ಟು ಪಾಲಿದ್ದರೆ ಅವರು ಮುಂದಿನ ರೌಂಡ್ ತಡೆಯುವುದು ಅಪರೂಪ, ಯಾಕೆಂದರೆ ರೌಂಡ್ ಆಗದಿದ್ದರೆ ಅವರಿಗೇ ನಷ್ಟ. ಕಾರ್ಪೊರೇಟ್‌ಗೆ ಬೇರೆ ಲೆಕ್ಕ ಇರಬಹುದು. ಬರುತ್ತಿರುವ ಹೊಸ ಹೂಡಿಕೆದಾರ ಅವರ ಪ್ರತಿಸ್ಪರ್ಧಿಯಾಗಿದ್ದರೆ?

ಇನ್ನೊಂದು ಗೆರೆ 20%. ಅಲ್ಲಿಗೆ ಮುಟ್ಟಿದರೆ ಸಾಮಾನ್ಯವಾಗಿ ನಿಮ್ಮ ಕಂಪನಿ ಅವರ 'ಅಸೋಸಿಯೇಟ್' ಆಗುತ್ತದೆ. ನಿಮ್ಮ ನಷ್ಟದಲ್ಲಿ ಅವರ ಪಾಲು ಪ್ರತಿ ತ್ರೈಮಾಸಿಕ ಅವರ ಒಟ್ಟು ಲೆಕ್ಕದಲ್ಲಿ ಕಾಣುತ್ತದೆ. ಅವರ ಷೇರುದಾರರು ಪ್ರಶ್ನೆ ಕೇಳುತ್ತಾರೆ, ಆ ಪ್ರಶ್ನೆ ನಿಮ್ಮ ಬೋರ್ಡ್ ಮೀಟಿಂಗಿಗೆ ಬರುತ್ತದೆ. ಇನ್ಫೋಸಿಸ್ 2024ರಲ್ಲಿ ಬೆಂಗಳೂರಿನ ಉಪಗ್ರಹ ಸ್ಟಾರ್ಟಪ್ ಗ್ಯಾಲಕ್ಸ್‌ಐನಲ್ಲಿ 17 ಕೋಟಿ ಹಾಕುವಾಗ ಪಾಲು 20% ಮೀರುವುದಿಲ್ಲ ಅಂತ ಹೇಳಿತ್ತು. ಫೌಂಡರ್ ಆಗಿ ನೀವು ಇನ್ನೂ ಕೆಳಗೆ ಹಿಡಿಯಿರಿ. ಒಂದೇ ಕಾರ್ಪೊರೇಟ್‌ಗೆ ಹತ್ತು, ಹೆಚ್ಚೆಂದರೆ ಹದಿನೈದು ಶೇಕಡಾ. ಏಥರ್‌ನಂಥ ಭಾರೀ ಬಂಡವಾಳದ ವ್ಯಾಪಾರವಾದರೆ ಮಾತು ಬೇರೆ.

ಬೇರೆ ತಂಡ ಇದ್ದರೆ ಭಯವಿಲ್ಲವೇ?

'ನಮ್ಮದು ಸ್ವತಂತ್ರ ತಂಡ, ಮಾತೃ ಕಂಪನಿಗೂ ನಮಗೂ ಮಧ್ಯೆ ಗೋಡೆ ಇದೆ' ಅಂತ ಹೇಳುತ್ತಾರೆ. ಗೋಡೆ ಇರುವುದು ನಿಜವೇ ಇರಬಹುದು. ಆದರೂ ಊಬರ್ ಕಥೆ ಓದಿ. 2013ರಲ್ಲಿ ಗೂಗಲ್ ವೆಂಚರ್ಸ್ (ಮೇಲೆ ಹೇಳಿದ ಜಿವಿ) ಊಬರ್‌ಗೆ 25.8 ಕೋಟಿ ಡಾಲರ್ ಹಾಕಿತು. (ಮೇಲಿನ 25.8ಕ್ಕೂ ಇದಕ್ಕೂ ಸಂಬಂಧವಿಲ್ಲ, ಸುಮ್ನೆ ಕಾಕತಾಳೀಯ.) ಗೂಗಲ್‌ನ ಹಿರಿಯ ಅಧಿಕಾರಿ ಡೇವಿಡ್ ಡ್ರಮಂಡ್ ಊಬರ್ ಬೋರ್ಡಿನಲ್ಲಿ ಕೂತರು. ಅಷ್ಟರಲ್ಲಿ ಎರಡೂ ಕಂಪನಿಗಳು ಚಾಲಕನಿಲ್ಲದ ಕಾರಿನ ಹಿಂದೆ ಬಿದ್ದವು. ಆಗಸ್ಟ್ 2016ರಲ್ಲಿ ಡ್ರಮಂಡ್ ಬೋರ್ಡ್ ಬಿಟ್ಟರು. ಫೆಬ್ರವರಿ 2017ರಲ್ಲಿ ಗೂಗಲ್ ಬಳಗದ ಚಾಲಕನಿಲ್ಲದ ಕಾರಿನ ಕಂಪನಿ ವೇಮೋ ಊಬರ್ ಮೇಲೆ ವ್ಯಾಪಾರ ರಹಸ್ಯ ಕದ್ದ ಆರೋಪದ ಮೊಕದ್ದಮೆ ಹಾಕಿತು. ಒಂದು ವರ್ಷದ ನಂತರ ರಾಜಿಯಾಯಿತು. ಊಬರ್ ತನ್ನ 0.34% ಷೇರು ಕೊಟ್ಟಿತು, ಆಗಿನ ಬೆಲೆಯಲ್ಲಿ ಸುಮಾರು 24.5 ಕೋಟಿ ಡಾಲರ್. ಹೂಡಿಕೆ ಮಾಡಿದ ಮೊತ್ತಕ್ಕೆ ಹೆಚ್ಚುಕಮ್ಮಿ ಸಮ! ಹೂಡಿಕೆ ತಂಡ ಎಷ್ಟು ಸ್ವತಂತ್ರವಾಗಿದ್ದರೂ ಅಕ್ಕಪಕ್ಕದ ವಿಭಾಗಗಳು ತಮ್ಮ ಕೆಲಸ ನಿಲ್ಲಿಸುವುದಿಲ್ಲ.

ಅಂದರೆ ಗುಟ್ಟು ಯಾವಾಗಲೂ ಸ್ಟಾರ್ಟಪ್ ಕಡೆಯಿಂದಲೇ ಸೋರಬೇಕಾಗಿಲ್ಲ, ದೊಡ್ಡ ಕಂಪನಿಯಿಂದಲೂ ಸೋರಬಹುದು. 1979ರಲ್ಲಿ ಝೆರಾಕ್ಸ್ 10 ಲಕ್ಷ ಡಾಲರ್ ಕೊಟ್ಟು ಇನ್ನೂ ಐಪಿಒ ಆಗದ ಆ್ಯಪಲ್‌ನ 1 ಲಕ್ಷ ಷೇರು ಕೊಂಡಿತು. ಬದಲಿಗೆ ಸ್ಟೀವ್ ಜಾಬ್ಸ್ ಮತ್ತು ತಂಡಕ್ಕೆ ತನ್ನ ಪಾಲೋ ಆಲ್ಟೋ ಪ್ರಯೋಗಾಲಯ ತೋರಿಸಿತು. ಮೌಸು, ಕಿಟಕಿಗಳಿರುವ ಪರದೆ ನೋಡಿಕೊಂಡು ಬಂದವರು ಏನು ಮಾಡಿದರು ಅನ್ನುವುದು ಎಲ್ಲರಿಗೂ ಗೊತ್ತು.

ಪ್ರಾಯೋಗಿಕವಾಗಿ ಇಷ್ಟು ಮಾಡಿ. ಕಾರ್ಪೊರೇಟ್‌ಗೆ ಬೋರ್ಡ್ ಸೀಟು ಕೊಡಬೇಡಿ. ತುಂಬಾ ಒತ್ತಾಯ ಮಾಡಿದರೆ ಮತವಿಲ್ಲದ ಅಬ್ಸರ್ವರ್ ಸ್ಥಾನ ಕೊಡಿ. ಅವರ ಕಂಪನಿಗೆ ಸಂಬಂಧಪಟ್ಟ ವಿಷಯ ಬಂದಾಗ ಅಬ್ಸರ್ವರ್ ಹೊರಗೆ ಹೋಗಬೇಕು ಅಂತ ಬರೆಸಿ. ತಿಂಗಳ ಲೆಕ್ಕಪತ್ರ ಕೊಡುವುದು ಸರಿ. ಪ್ರಾಡಕ್ಟ್ ರೋಡ್‌ಮ್ಯಾಪ್, ಗಿರಾಕಿಗಳ ಪಟ್ಟಿ, ಬೆಲೆಪಟ್ಟಿ ಅದರಲ್ಲಿ ಸೇರಬೇಕಾಗಿಲ್ಲ.

ಬಾಸ್ ಬದಲಾದರೆ ಎಲ್ಲ ಬದಲು

ವಿಸಿ ಫಂಡ್ ಒಮ್ಮೆ ದುಡ್ಡು ಎತ್ತಿದ ಮೇಲೆ ಹತ್ತು ವರ್ಷ ಇರುತ್ತದೆ. ಮುಂದಿನ ರೌಂಡಿಗೆ ಅಂತ ಸ್ವಲ್ಪ ಎತ್ತಿಟ್ಟಿರುತ್ತಾರೆ. ಕಾರ್ಪೊರೇಟ್ ಹೂಡಿಕೆಗೆ ಆ ಗ್ಯಾರಂಟಿ ಇಲ್ಲ. ಜನವರಿ 2025ರಲ್ಲಿ ಇಂಟೆಲ್ ತನ್ನ ಇಂಟೆಲ್ ಕ್ಯಾಪಿಟಲನ್ನು ಬೇರೆ ಫಂಡ್ ಆಗಿ ಕಳಚುತ್ತೇವೆ ಅಂತ ಘೋಷಿಸಿತು. ಮಾರ್ಚ್‌ನಲ್ಲಿ ಹೊಸ ಸಿಇಒ ಲಿಪ್-ಬು ಟಾನ್ ಬಂದರು. ಏಪ್ರಿಲ್‌ನಲ್ಲಿ ಆ ಯೋಜನೆ ರದ್ದು. 30 ವರ್ಷಕ್ಕಿಂತ ಹಳೆಯ, ಜಗತ್ತಿನಲ್ಲೇ ಹೆಸರಾದ ತಂಡದ ಕಥೆಯೇ ಹೀಗಿದ್ದರೆ, ಎರಡು ವರ್ಷದ ಹಿಂದೆ ಶುರುವಾದ 'ಇನ್ನೋವೇಷನ್ ಫಂಡ್' ಎಷ್ಟು ಕಾಲ ಇರುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಮನಸ್ಸು ಬದಲಾಗದಿದ್ದರೂ ಕಾಲ ಬದಲಾಗಬಹುದು. ಜನವರಿ 2020ರಲ್ಲಿ ಚೀನಾದ ಆಂಟ್ ಬಳಗ ಝೊಮ್ಯಾಟೋಗೆ 15 ಕೋಟಿ ಡಾಲರ್ ಕೊಡಲು ಒಪ್ಪಿತ್ತು. ಏಪ್ರಿಲ್‌ನಲ್ಲಿ ಸರ್ಕಾರ, ನೆಲದ ಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಮೊದಲು ಅನುಮತಿ ಬೇಕು ಅಂತ ನಿಯಮ ತಂದಿತು. ಅಷ್ಟರಲ್ಲಿ ಬಂದಿದ್ದು 5 ಕೋಟಿ ಡಾಲರ್ ಮಾತ್ರ. ಆದ್ದರಿಂದ ಕಂತಿನಲ್ಲಿ ಕೊಡುತ್ತೇವೆ ಅನ್ನುವ ಕಾರ್ಪೊರೇಟ್ ಹಣಕ್ಕೆ, ಮೊದಲ ಕಂತು ಬಿಟ್ಟು ಉಳಿದದ್ದು ಇಲ್ಲ ಅಂದುಕೊಂಡೇ ಬಜೆಟ್ ಮಾಡಿ.

ಇನ್ನೊಂದು ಸೂಕ್ಷ್ಮ. ವಿಸಿ ಮುಂದಿನ ರೌಂಡಿನಲ್ಲಿ ಹಾಕದಿದ್ದರೆ ಮಾರುಕಟ್ಟೆಗೆ ನೂರು ಕಾರಣ ಹೇಳಬಹುದು. ನಿಮ್ಮ ಸಾಫ್ಟ್‌ವೇರನ್ನು ದಿನಾ ಬಳಸುವ ಕಂಪನಿಯೇ ಹಾಕದಿದ್ದರೆ? 'ಒಳಗಿನವರಿಗೇ ನಂಬಿಕೆ ಇಲ್ಲವಾ?' ಅಂತ ಎಲ್ಲರೂ ಕೇಳುತ್ತಾರೆ. ಅಲ್ಲಿ ಬಜೆಟ್ ನಿಂತಿದೆ ಅಷ್ಟೇ ಅಂತ ಎಷ್ಟು ಜನರಿಗೆ ಹೇಳಿಕೊಂಡು ಓಡಾಡುತ್ತೀರಿ?

ಹಾಗಾದರೆ ಯಾರ ಹಣ ಚೆನ್ನ?

ಹೂಡಿಕೆದಾರ ನಿಮ್ಮ ಪ್ರಾಡಕ್ಟನ್ನು ತಾನೇ ಮಾಡುವ ಪ್ರಶ್ನೆಯೇ ಇಲ್ಲದಿದ್ದಾಗ ಕಾರ್ಪೊರೇಟ್ ಹಣ ನಿಜಕ್ಕೂ ಚಿನ್ನ. ಯುಲು ನೋಡಿ. 2019ರಲ್ಲಿ ಬಜಾಜ್ ಆಟೋ 80 ಲಕ್ಷ ಡಾಲರ್ ಹಾಕಿತು. 2022ರಲ್ಲಿ ಕೆನಡಾದ ಬಿಡಿಭಾಗಗಳ ಕಂಪನಿ ಮ್ಯಾಗ್ನಾ ಮುಂದಾಳತ್ವದಲ್ಲಿ 8.2 ಕೋಟಿ ಡಾಲರ್ ಬಂತು. ಯುಲುವಿನ ಮಿರಾಕಲ್ ಜಿಆರ್, ಡೆಕ್ಸ್ ಜಿಆರ್ ವಾಹನಗಳನ್ನು ಬಜಾಜ್ ಬಳಗ ಮಾಡಿಕೊಡುತ್ತದೆ. ಮ್ಯಾಗ್ನಾ ಜೊತೆ ಸೇರಿ ಬ್ಯಾಟರಿ ಬದಲಿಸುವ ಯೂಮಾ ಎನರ್ಜಿ ಶುರುವಾಯಿತು. ಬಜಾಜ್‌ಗೆ ಮೆಟ್ರೋ ಸ್ಟೇಷನ್ ಮುಂದೆ ಗಾಡಿ ಬಾಡಿಗೆಗೆ ಬಿಡುವ ತಲೆನೋವು ಬೇಡ. ಯುಲುವಿಗೆ ಫ್ಯಾಕ್ಟರಿ ಕಟ್ಟುವ ಸಾಮರ್ಥ್ಯ ಇರಲಿಲ್ಲ. ಇಂಥ ಕಡೆ ಷೇರು ಕೊಡುವುದಕ್ಕೆ ಅರ್ಥವಿದೆ, ಯಾಕೆಂದರೆ ಹತ್ತು ವರ್ಷ ಒಟ್ಟಿಗೆ ಮಾಡುವ ಕೆಲಸವನ್ನು ಬರೀ ಪರ್ಚೇಸ್ ಆರ್ಡರಿನಲ್ಲಿ ಹಿಡಿದಿಡಲು ಆಗುವುದಿಲ್ಲ.

ಕಂಪನಿಗಳಿಗೆ ಸಾಫ್ಟ್‌ವೇರ್ ಮಾರುವ ಸ್ಟಾರ್ಟಪ್‌ಗಳಿಗೆ ನನ್ನ ಮೊದಲ ಆಯ್ಕೆ ಐಟಿ ಸೇವಾ ಕಂಪನಿಗಳ ಹೂಡಿಕೆ ತಂಡಗಳು. ವಿಪ್ರೋ ವೆಂಚರ್ಸ್ 10 ಕೋಟಿ ಡಾಲರ್‌ನಿಂದ ಶುರುವಾಗಿ, 2020ರಲ್ಲಿ ಇನ್ನೂ 15 ಕೋಟಿ, 2025ರಲ್ಲಿ ಮತ್ತೆ 20 ಕೋಟಿ ಸೇರಿಸಿತು. ಅವರು ಹಣ ಹಾಕಿದ ಡೆಮಿಸ್ಟೋ ಎಂಬ ಸೈಬರ್ ಭದ್ರತೆ ಕಂಪನಿಯನ್ನು 2019ರಲ್ಲಿ ಪಾಲೋ ಆಲ್ಟೋ ನೆಟ್‌ವರ್ಕ್ಸ್ 56 ಕೋಟಿ ಡಾಲರ್‌ಗೆ ಕೊಂಡಿತು. ಸೇವಾ ಕಂಪನಿಗೆ ಪ್ರಾಡಕ್ಟ್ ಬೇಕು, ಅದರ ಗಿರಾಕಿಗಳ ಬಾಗಿಲು ನಿಮಗೆ ಬೇಕು. ಒಂದೇ ಎಚ್ಚರಿಕೆ: ಹೂಡಿಕೆ ತಂಡದವರು ಒಳ್ಳೆಯವರು, ಆದರೆ ನಿಮ್ಮ ಸಾಫ್ಟ್‌ವೇರನ್ನು ಮಾರಬೇಕಾದವರು ಬೇರೆ ಮಹಡಿಯಲ್ಲಿದ್ದಾರೆ, ಅವರ ಟಾರ್ಗೆಟ್ ಬೇರೆ. ಟರ್ಮ್ ಶೀಟಿಗೆ ಮುಂಚೆ ಆ ಮಹಡಿಯವರನ್ನು ಒಮ್ಮೆ ಭೇಟಿ ಮಾಡಿಸಿ ಅಂತ ಕೇಳಿ. ನೆಪ ಹೇಳಿದರೆ ಅದೇ ಉತ್ತರ.

ಚಿಪ್, ಡ್ರೋನ್, ಉಪಗ್ರಹದಂಥ ಆಳದ ತಂತ್ರಜ್ಞಾನದವರಿಗೂ ಇದು ಹೊಂದುತ್ತದೆ. 2023ರಲ್ಲಿ ಷೇರುಪೇಟೆಗೆ ಬಂದ ಡ್ರೋನ್ ಕಂಪನಿ ಐಡಿಯಾಫೋರ್ಜ್‌ನಲ್ಲಿ ಕ್ವಾಲ್‌ಕಾಮ್, ಇನ್ಫೋಸಿಸ್ ಎರಡೂ ಇದ್ದವು. ಇಲ್ಲಿ ಕಾರ್ಪೊರೇಟ್ ಹೆಸರು ಇನ್ನೊಂದು ಕೆಲಸ ಮಾಡುತ್ತದೆ: ತಂತ್ರಜ್ಞಾನವನ್ನು ಅರಿತವರು ಪರೀಕ್ಷಿಸಿದ್ದಾರೆ ಅನ್ನುವ ಧೈರ್ಯ ಉಳಿದ ಹೂಡಿಕೆದಾರರಿಗೆ ಬರುತ್ತದೆ.

ಲಾಭವನ್ನೇ ಮುಂದಿಟ್ಟುಕೊಂಡು ತಾಳ್ಮೆಯಿಂದ ಕೂರುವ ಕಂಪನಿಗಳೂ ಇವೆ. ನೌಕ್ರಿ ಡಾಟ್ ಕಾಮ್ ನಡೆಸುವ ಇನ್ಫೋ ಎಡ್ಜ್ 2010ರಲ್ಲಿ ಝೊಮ್ಯಾಟೋಗೆ ಮೊದಲು ಹಾಕಿದ್ದು 4.7 ಕೋಟಿ ರೂಪಾಯಿ. 2021ರ ಐಪಿಒದಲ್ಲಿ 375 ಕೋಟಿಯ ಷೇರು ಮಾರಿ, ದೊಡ್ಡ ಪಾಲನ್ನು ಹಾಗೇ ಇಟ್ಟುಕೊಂಡಿತು. ಊಟದ ವ್ಯಾಪಾರದಲ್ಲಿ ಅದಕ್ಕೆ ಬೇರೆ ಆಸೆ ಇರಲಿಲ್ಲ.

ಎಐ ಸ್ಟಾರ್ಟಪ್‌ಗಳಿಗೆ ಒಂದು ಮಾತು. ಕ್ಲೌಡ್ ಕಂಪನಿ ಕೊಡುವ ಹೂಡಿಕೆಯಲ್ಲಿ ಒಂದು ಭಾಗ ಬಿಲ್ ಆಗಿ ಅವರಿಗೇ ವಾಪಸ್ ಹೋಗುತ್ತದೆ. 2019ರಲ್ಲಿ ಮೈಕ್ರೋಸಾಫ್ಟ್ ಓಪನ್‌ಎಐಗೆ 100 ಕೋಟಿ ಡಾಲರ್ ಹಾಕಿದಾಗ ತನ್ನ ಕ್ಲೌಡ್ ಸೇವೆ ಅಜೂರ್ ಮಾತ್ರ ಬಳಸಬೇಕು ಅನ್ನುವುದೂ ಒಪ್ಪಂದದಲ್ಲಿತ್ತು. ಅಷ್ಟು ದೊಡ್ಡವರಿಗೂ ಆ ಕಟ್ಟು ಸಡಿಲವಾಗಲು 2025 ಬರಬೇಕಾಯಿತು. ಟರ್ಮ್ ಶೀಟ್ ನೋಡುವಾಗ ಕ್ಲೌಡ್ ಕ್ರೆಡಿಟ್‌ಗಳನ್ನು (ಅವರ ಸೇವೆಗೇ ಖರ್ಚು ಮಾಡಬೇಕಾದ ಮೊತ್ತ) ನಗದು ಅಂತ ಎಣಿಸಬೇಡಿ.

ಷೇರೇ ಕೊಡದ ದಾರಿ

2015ರಲ್ಲಿ ಮ್ಯೂನಿಕ್‌ನಲ್ಲಿ ಬಿಎಂಡಬ್ಲ್ಯೂ ಸ್ಟಾರ್ಟಪ್ ಗ್ಯಾರೇಜ್ ಶುರು ಮಾಡಿತು. ಅವರ ಯೋಚನೆ ಸರಳ. ಸ್ಟಾರ್ಟಪ್‌ನಲ್ಲಿ ಪಾಲು ಕೊಳ್ಳುವ ಬದಲು ಅದರ ಪ್ರಾಡಕ್ಟನ್ನು ಬೇಗನೆ ಕೊಳ್ಳೋಣ. ಸ್ಟಾರ್ಟಪ್‌ಗೆ ಸಪ್ಲೈಯರ್ ನಂಬರು, ಆರ್ಡರು, ದುಡ್ಡು ಸಿಗುತ್ತದೆ. ಕಾರು ಕಂಪನಿಗೆ ತಂತ್ರಜ್ಞಾನ ಸಿಗುತ್ತದೆ. ಇದನ್ನೇ ವೆಂಚರ್ ಕ್ಲೈಂಟ್ ಅನ್ನುತ್ತಾರೆ. ಬೆಂಗಳೂರಿನಲ್ಲಿ ನೆಟ್‌ಆ್ಯಪ್ ಎಕ್ಸೆಲರೇಟರ್, ಏರ್‌ಬಸ್ ಬಿಜ್‌ಲ್ಯಾಬ್ ಥರದ ಕಾರ್ಯಕ್ರಮಗಳು ಪಾಲು ಕೇಳದೆ ಸ್ಟಾರ್ಟಪ್‌ಗಳ ಜೊತೆ ಕೆಲಸ ಮಾಡಿವೆ.

ಈ ದಾರಿಯ ರೋಗ ಒಂದೇ: ಮುಗಿಯದ ಪೈಲಟ್, ಅಂದರೆ ಪ್ರಾಯೋಗಿಕ ಬಳಕೆ. ಮೂರು ತಿಂಗಳು ಅಂತ ಶುರುವಾಗಿ, ಫ್ರೀಯಾಗಿ ಒಂದು ವರ್ಷ ಎಳೆದು, ಕೊನೆಗೆ 'ಈ ವರ್ಷ ಬಜೆಟ್ ಇಲ್ಲ' ಅನ್ನುತ್ತಾರೆ. ಆದ್ದರಿಂದ ಪೈಲಟ್‌ಗೂ ದುಡ್ಡು ಕೇಳಿ, ಸಣ್ಣ ಮೊತ್ತವೇ ಇರಲಿ. ಬಜೆಟ್ ಯಾರ ಕೈಯಲ್ಲಿದೆ, ಯಾವ ಅಂಕಿ ಬಂದರೆ ದೊಡ್ಡ ಆರ್ಡರ್ ಆಗುತ್ತದೆ ಅನ್ನುವುದನ್ನು ಶುರುವಿನಲ್ಲೇ ಇಮೇಲ್‌ನಲ್ಲಿ ಹಾಕಿಸಿ. ನೀವು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಾಗಿದ್ದರೆ 45 ದಿನದೊಳಗೆ ಹಣ ಕೊಡುವುದು ಕಾನೂನಿನ ಪ್ರಕಾರ ಅವರ ಹೊಣೆ. ತಡಮಾಡಿದರೆ ಹಣ ನಿಜವಾಗಿ ಕೊಡುವವರೆಗೂ ಅವರಿಗೆ ಆ ಖರ್ಚಿನ ತೆರಿಗೆ ವಿನಾಯಿತಿಯೂ ಸಿಗುವುದಿಲ್ಲ. ದೊಡ್ಡ ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಈ ಎರಡನೆಯ ವಾಕ್ಯ ಚೆನ್ನಾಗಿ ಅರ್ಥವಾಗುತ್ತದೆ.

ಮಧ್ಯದ ದಾರಿಯೂ ಒಂದಿದೆ, ನನಗೆ ಇಷ್ಟವಾದದ್ದು. 2017ರಲ್ಲಿ ಅಮೆಜಾನ್ ಹೈಡ್ರೋಜನ್ ಕಂಪನಿ ಪ್ಲಗ್ ಪವರ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ, ಅಮೆಜಾನ್ ಖರೀದಿ ಮಾಡುತ್ತಾ ಹೋದ ಹಾಗೆ ಅದಕ್ಕೆ ಷೇರು ಕೊಳ್ಳುವ ಹಕ್ಕು ಸಿಗುತ್ತಾ ಹೋಗುವಂತಿತ್ತು. ಪೂರ್ತಿ ಹಕ್ಕು ಸಿಗಬೇಕಾದರೆ 60 ಕೋಟಿ ಡಾಲರ್ ಖರೀದಿಯಾಗಬೇಕು. ಕೊಂಡರೆ ಪಾಲು, ಇಲ್ಲದಿದ್ದರೆ ಇಲ್ಲ. 'ಗಿರಾಕಿಗಳನ್ನು ಪರಿಚಯ ಮಾಡಿಸುತ್ತೇವೆ' ಅನ್ನುವ ಬಾಯಿಮಾತಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಯಾವ ಹಂತದಲ್ಲಿ?

ಸೀಡ್ ಹಂತದಲ್ಲಿ (ಮೊಟ್ಟಮೊದಲ ಹೂಡಿಕೆ) ಕಾರ್ಪೊರೇಟ್ ಬೇಡ. ನಿಮ್ಮ ಪ್ರಾಡಕ್ಟೇ ಇನ್ನೂ ಮೂರು ಸಲ ಬದಲಾಗಬೇಕು. ಆಗ ಒಂದು ಕಂಪನಿಯ ಹೆಸರು ಅಂಟಿಕೊಂಡರೆ ಅದರ ಪೈಪೋಟಿಯವರು ನಿಮಗೆ ಗಿರಾಕಿಯಾಗುವುದಿಲ್ಲ. ಆ ಹೊತ್ತಿಗೆ ಕರ್ನಾಟಕ ಸರ್ಕಾರದ ಎಲಿವೇಟ್ ಅನುದಾನ ನೋಡಿ. 50 ಲಕ್ಷದವರೆಗೆ, ಪಾಲು ಕೊಡಬೇಕಾಗಿಲ್ಲ. ಸಣ್ಣ ಮೊತ್ತದ ಕಾರ್ಪೊರೇಟ್ ಚೆಕ್ಕು ಬಿಡಲು ಮನಸ್ಸಿಲ್ಲದಿದ್ದರೆ ಕನ್ವರ್ಟಿಬಲ್ ನೋಟ್ (ಮುಂದೆ ಷೇರಾಗಿ ಬದಲಾಗಬಲ್ಲ ಸಾಲ) ಮಾಡಿ. ಕೇಂದ್ರದ ಮಾನ್ಯತೆ ಇರುವ ಸ್ಟಾರ್ಟಪ್‌ಗೆ ಒಂದೇ ಕಂತಿನಲ್ಲಿ 25 ಲಕ್ಷ ಅಥವಾ ಹೆಚ್ಚು ಬಂದರೆ ಆಗುತ್ತದೆ, ವ್ಯಾಲ್ಯುಯೇಷನ್ ಮಾತು ಮುಂದಕ್ಕೆ ಹೋಗುತ್ತದೆ.

ಸೀರೀಸ್ ಎ, ಬಿ (ಸೀಡ್ ನಂತರದ ರೌಂಡುಗಳು) ಹೊತ್ತಿಗೆ ಕಾರ್ಪೊರೇಟ್ ಬರಲಿ, ಆದರೆ ರೌಂಡ್ ಲೀಡ್ ಮಾಡುವುದು ವಿಸಿಯೇ ಆಗಿರಲಿ. ಬೆಲೆ ನಿಗದಿ ಮಾಡುವುದು ಬರೀ ಲಾಭ ನೋಡುವವರ ಕೆಲಸ. ಜೊತೆಗೆ, ದೊಡ್ಡ ಕಂಪನಿಯ ಒಪ್ಪಿಗೆಗಳು ನಿಧಾನ. ಬ್ಯಾಂಕಿನಲ್ಲಿ ಆರು ತಿಂಗಳ ಹಣ ಇಲ್ಲದೆ ಅವರ ಜೊತೆ ಮಾತುಕತೆಗೆ ಕೂರಬೇಡಿ.

ಕಾಗದದಲ್ಲಿ ಏನಿರಬಾರದು

ಎಲ್ಲಕ್ಕಿಂತ ಅಪಾಯದ್ದು, ನಿಮ್ಮ ಕಂಪನಿಯನ್ನು ಮಾರುವಾಗ 'ಬೇರೆಯವರು ಕೊಟ್ಟ ಬೆಲೆಗೆ ಮೊದಲು ನಮಗೇ ಕೊಡಬೇಕು' ಅನ್ನುವ ಹಕ್ಕು. ಇದಿದ್ದರೆ ಬೇರೆ ಯಾರೂ ನಿಮ್ಮನ್ನು ಕೊಳ್ಳಲು ಶ್ರಮ ಪಡುವುದಿಲ್ಲ. ತಿಂಗಳುಗಟ್ಟಲೆ ಲೆಕ್ಕ ಹಾಕಿ ಬೆಲೆ ಹೇಳುವುದು, ಕೊನೆಯಲ್ಲಿ ಇನ್ನೊಬ್ಬರು ಅದೇ ಬೆಲೆಗೆ ಎತ್ತಿಕೊಂಡು ಹೋಗುವುದು ಯಾರಿಗೆ ಬೇಕು? ಮಾರಾಟದ ಮಾತು ಬಂದಾಗ ತಿಳಿಸುತ್ತೇವೆ, ಹತ್ತು ದಿನದಲ್ಲಿ ನಿಮ್ಮ ಬೆಲೆಯನ್ನೂ ಹೇಳಿ ಅನ್ನುವಷ್ಟಕ್ಕೆ ಇಳಿಸಿ.

ಎರಡನೆಯದು ಎಕ್ಸ್‌ಕ್ಲೂಸಿವ್ ಷರತ್ತು. ಕೊಡಲೇಬೇಕಾದರೆ ಒಂದು ಪ್ರಾಡಕ್ಟಿಗೆ, ಒಂದು ವರ್ಷಕ್ಕೆ, ಅದೂ ಇಂತಿಷ್ಟು ಖರೀದಿ ಮಾಡಿದರೆ ಮಾತ್ರ. ಮೂರನೆಯದು, ಷೇರು ಒಪ್ಪಂದ ಮತ್ತು ವ್ಯಾಪಾರದ ಒಪ್ಪಂದ ಎರಡನ್ನೂ ಒಂದೇ ಕಾಗದದಲ್ಲಿ ಹೆಣೆಯುವುದು. ಬೇರೆ ಬೇರೆ ಇಡಿ. ಒಂದು ಮುರಿದರೆ ಇನ್ನೊಂದು ತಾನಾಗಿ ಮುರಿಯಬಾರದು. ಮತ್ತೆ, ಅವರು ಹೊರಗೆ ಹೋಗುವಾಗ ಷೇರನ್ನು ನಿಮ್ಮ ಪೈಪೋಟಿಯವರಿಗೆ ಮಾರಬಾರದು ಅನ್ನುವ ಸಾಲು ಇರಲಿ. ಪೈಪೋಟಿಯವರ ಹೆಸರುಗಳನ್ನು ಪಟ್ಟಿ ಮಾಡಿ, ವರ್ಷಕ್ಕೊಮ್ಮೆ ತಿದ್ದುವ ಹಕ್ಕು ನಿಮ್ಮ ಬೋರ್ಡಿಗೆ ಇರಲಿ.

ಸಹಿಗೆ ಮುಂಚೆ ಅವರ ಹಣ ಪಡೆದ ಬೇರೆ ಫೌಂಡರ್‌ಗಳಿಗೆ ಫೋನ್ ಮಾಡಿ. ಅವರೇ ಕೊಟ್ಟ ಪಟ್ಟಿಯಲ್ಲಿ ಗೆದ್ದವರ ಹೆಸರು ಮಾತ್ರ ಇರುತ್ತದೆ. ಮುಳುಗಿದ ಕಂಪನಿಗಳ ಫೌಂಡರ್‌ಗಳನ್ನು ನೀವೇ ಹುಡುಕಿಕೊಳ್ಳಬೇಕು. ಲಿಂಕ್ಡ್‌ಇನ್‌ನಲ್ಲಿ ಸಿಗುತ್ತಾರೆ, ಮಾತಾಡುತ್ತಾರೆ ಕೂಡ. ಕಷ್ಟ ಬಂದಾಗ ಆ ಕಂಪನಿ ಎಷ್ಟು ದಿನಕ್ಕೆ ಉತ್ತರ ಕೊಡುತ್ತಿತ್ತು, ಮೊದಲು ಹಣ ತಂದ ವ್ಯಕ್ತಿ ಆಗಲೂ ಅಲ್ಲೇ ಕೆಲಸದಲ್ಲಿದ್ದರಾ, ಸೇತುವೆ ಸಾಲ (ಮುಂದಿನ ರೌಂಡಿನವರೆಗೆ ಕೈಹಿಡಿಯುವ ಸಾಲ) ಕೇಳಿದಾಗ ಯಾರು ಮೊದಲು ಬೇಡ ಅಂದರು ಅಂತ ಕೇಳಿ.